ಗೈಡು ತೋರಿಸದ ಕೊಳ

ನಮ್ಮ ಪ್ರವಾಸ ಕಥನಗಳಲ್ಲಿ ಕೋಟೆ ಬಂತು ಅಂದರೆ ಕಲ್ಲುಗಳು ಮಾತಾಡಲು ಶುರುಮಾಡುತ್ತವೆ. ಬುರುಜು ನಿಟ್ಟುಸಿರು ಬಿಡುತ್ತದೆ, ಗೋಡೆ ಗತವೈಭವ ನೆನೆದು ಅಳುತ್ತದೆ, ಹೊತ್ತು ಮುಳುಗುವ ವೇಳೆಗೆ ಲೇಖಕರ ಕಣ್ಣೂ ಒದ್ದೆಯಾಗುತ್ತದೆ. ಶಾಲೆಯ ಪಾಠದಲ್ಲೂ ಇದೇ, ಪತ್ರಿಕೆಯ ಭಾನುವಾರದ ಪುಟದಲ್ಲೂ ಇದೇ. ಕಲ್ಲು ಮಾತಾಡುವುದಿಲ್ಲ ಅನ್ನುವುದು ಕಲ್ಲು ಹೊತ್ತವರಿಗೆ ಚೆನ್ನಾಗಿ ಗೊತ್ತು. ಕಲ್ಲಿನ ಹೆಸರಿನಲ್ಲಿ ಯಾರೋ ಮಾತಾಡುತ್ತಾರೆ. ಯಾರು, ಯಾರ ಪರವಾಗಿ, ಏನನ್ನು ಬಿಟ್ಟು ಮಾತಾಡುತ್ತಾರೆ ಎಂದು ಕೇಳುವುದು ವಿಮರ್ಶೆಯ ಕೆಲಸ. ವಿಮರ್ಶೆ ಅಂದರೆ ಕಾವ್ಯ, ಕಾದಂಬರಿಗಳದ್ದು, ಗೈಡಿನ ಮಾತಿಗೆ ಎಂಥಾ ವಿಮರ್ಶೆ ಎಂದು ಮೂಗು ಮುರಿಯುವ ಪಂಡಿತರೂ ಇದ್ದಾರೆ. ನಮ್ಮ ಹಳ್ಳಿ ಶಾಲೆಯ ಮಕ್ಕಳಲ್ಲಿ ಕವನ ಸಂಕಲನ ಕೊಂಡು ಓದುವವರೆಷ್ಟು, ಶಾಲಾ ಪ್ರವಾಸದಲ್ಲಿ ಗೈಡಿನ ಕತೆ ಬಾಯಿ ಬಿಟ್ಟು ಕೇಳುವವರೆಷ್ಟು ಎಂದು ಅವರು ಒಮ್ಮೆ ಲೆಕ್ಕ ಹಾಕಲಿ.

ಈ ಚಳಿಗಾಲದಲ್ಲಿ ನಾವು ಕೆಲವು ಮೇಷ್ಟ್ರುಗಳು, ನಾಲ್ಕು ಜನ ವಿದ್ಯಾರ್ಥಿಗಳು ಕೂಡಿ ಮಹಾರಾಷ್ಟ್ರದ ದೌಲತಾಬಾದ್ ಕೋಟೆಗೆ ಹೋಗಿದ್ದೆವು. ಔರಂಗಾಬಾದಿಗೆ 2023ರಿಂದ ಛತ್ರಪತಿ ಸಂಭಾಜಿನಗರ ಎಂಬ ಹೆಸರು. ಅಲ್ಲಿಂದ ಎಲ್ಲೋರದ ದಾರಿಯಲ್ಲಿ ಸುಮಾರು 15 ಕಿಲೋಮೀಟರು ಹೋದರೆ ಕೋಟೆ. ಒಂದು ದಿನದ ಪ್ರವಾಸ: ಬೆಳಿಗ್ಗೆ ಕೋಟೆ, ಮಧ್ಯಾಹ್ನ ಎಲ್ಲೋರ, ಸಂಜೆ ವಾಪಸು. ಬಸ್ಸು, ಟಿಕೇಟು, ಗೈಡು ಎಲ್ಲಾ ಸೇರಿ ಒಂದೇ ದುಡ್ಡು. ನಾವು ಹೋದದ್ದಕ್ಕೆ ಬೇರೆ ಕಾರಣವಿತ್ತು. 1934ರಲ್ಲಿ ಬಾಬಾಸಾಹೇಬರು ಇದೇ ಕೋಟೆಗೆ, ಹೀಗೇ ಒಂದು ಪ್ರವಾಸದಲ್ಲಿ ಬಂದಿದ್ದರು. ಬಾಗಿಲಲ್ಲಿ ಏನಾಯಿತು ಅಂತ ಅವರೇ ಬರೆದಿಟ್ಟಿದ್ದಾರೆ. ಆ ಎರಡು ಮೂರು ಪುಟಗಳನ್ನು ಕೈಯಲ್ಲಿ ಹಿಡಿದುಕೊಂಡು ಗೈಡಿನ ಮಾತನ್ನು ಕೇಳಿ ನೋಡೋಣ ಅನ್ನುವುದು ನಮ್ಮ ಆಸೆ.

ಮೊದಲು ಗೈಡಿನ ಕೋಟೆ ನೋಡೋಣ. ಬಯಲಿನ ನಡುವೆ ರಾಶಿ ಹಾಕಿದಂತೆ ಎದ್ದು ನಿಂತ ಬೆಟ್ಟ, ಸುಮಾರು 200 ಮೀಟರ್ ಎತ್ತರ. ಸೇವುಣರ ಐದನೆಯ ಭಿಲ್ಲಮ 12ನೇ ಶತಮಾನದ ಕೊನೆಯಲ್ಲಿ ಇಲ್ಲಿ ರಾಜಧಾನಿ ಮಾಡಿದ. ಆಗ ಇದು ದೇವಗಿರಿ. ಬೆಟ್ಟದ ಬುಡವನ್ನು ಸುತ್ತಲೂ ಉಳಿಯಿಂದ ಕೆತ್ತಿ, ಹಲ್ಲಿಗೂ ಹಿಡಿತ ಸಿಗದ ಹಾಗೆ ನುಣ್ಣಗೆ ಗೋಡೆಯಂತೆ ನಿಲ್ಲಿಸಿದ್ದಾರೆ. ಅದರ ಕೆಳಗೆ ಬಂಡೆಯಲ್ಲೇ ಕೊರೆದ ಕಂದಕ. ದಾಟಲು ಒಂದೇ ಇಕ್ಕಟ್ಟಾದ ದಾರಿ. ದಾಟಿದರೆ 'ಅಂಧೇರಿ', ಬಂಡೆಯ ಹೊಟ್ಟೆಯೊಳಗೆ ತಿರುಗಿ ತಿರುಗಿ ಮೇಲೇರುವ ಕತ್ತಲ ಸುರಂಗ, ಬಾವಲಿಗಳ ವಾಸನೆ. ಅಲ್ಲಿ ಗೈಡು ಟಾರ್ಚ್ ಆರಿಸಿ ನಮ್ಮನ್ನು ಒಂದು ನಿಮಿಷ ಹೆದರಿಸಿದ. ಶತ್ರು ಬಂದರೆ ಇಲ್ಲಿ ದಾರಿ ತಪ್ಪಿ ಕಂದಕಕ್ಕೆ ಬೀಳ್ತಿದ್ದ, ಇಲ್ಲಿಂದ ಕಾದ ಎಣ್ಣೆ ಸುರೀತಿದ್ರು, ಇಲ್ಲಿ ಹೊಗೆ ಹಾಕ್ತಿದ್ರು ಅಂತ ಅವನು ವಿವರಿಸಿದ. ಪ್ರತಿ ತಿರುವಿನಲ್ಲೂ ಅವನದೊಂದು ಮಾತು: ಈ ಕೋಟೆಯನ್ನು ಎದುರಾಎದುರು ಯುದ್ಧ ಮಾಡಿ ಯಾರೂ ಗೆದ್ದಿಲ್ಲ ಸಾಬ್, ಮೋಸದಿಂದಲೋ ಹಸಿವಿನಿಂದಲೋ ಬಿದ್ದದ್ದು.

ಆಮೇಲೆ ರಾಜರ ಪಟ್ಟಿ. 1296ರಲ್ಲಿ ಅಲ್ಲಾವುದ್ದೀನ್ ಖಲ್ಜಿ ಬಂದು ರಾಮಚಂದ್ರದೇವನನ್ನು ಮುತ್ತಿದ. ಕೋಟೆಯೊಳಗೆ ಒಟ್ಟಿದ್ದ ಚೀಲ ಬಿಚ್ಚಿದರೆ ಧಾನ್ಯದ ಬದಲು ಉಪ್ಪಿತ್ತಂತೆ ಅನ್ನುವ ಕತೆಯನ್ನು ಗೈಡು ಬಹಳ ರಸವತ್ತಾಗಿ ಹೇಳಿದ. 1327ರಲ್ಲಿ ಮಹಮದ್ ಬಿನ್ ತುಘಲಕ್ ದಿಲ್ಲಿಯಿಂದ ರಾಜಧಾನಿ ತಂದು ದೌಲತಾಬಾದ್ ಎಂದು ಹೆಸರಿಟ್ಟ. ಬಹಮನಿಗಳು ಬಂದು ಚಾಂದ್ ಮಿನಾರ್ ಕಟ್ಟಿದರು. ನಿಜಾಮಶಾಹಿ ಬಂತು, 1633ರಲ್ಲಿ ಮೊಗಲರು ಬಂದರು, ಕೊನೆಗೆ ಹೈದರಾಬಾದಿನ ನಿಜಾಮ, 1948ರವರೆಗೆ. 1318ರಲ್ಲಿ ಖಲ್ಜಿಗಳು ಕಟ್ಟಿಸಿದ ಮಸೀದಿ 1948ರ ನಂತರ ಭಾರತಮಾತೆಯ ಗುಡಿಯಾಯಿತು. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾ ಶಾಹನನ್ನು ಔರಂಗಜೇಬ ಸೆರೆಯಲ್ಲಿಟ್ಟ ಚೀನಿ ಮಹಲಿನ ಮುಂದೆ ಗೈಡಿನ ದನಿ ಇಳಿಯಿತು. ನಮ್ಮ ಜೊತೆ ಬಂದ ಬೇರೆ ಪ್ರವಾಸಿಗಳು "ಅಯ್ಯೋ ಪಾಪ" ಅಂದರು. ಮುನ್ನೂರು ವರ್ಷದ ಹಿಂದೆ ಸೆರೆಸಿಕ್ಕ ಒಬ್ಬ ದೊರೆಗಾಗಿ ಕರಗುವಷ್ಟು ಮೃದು ಮನಸ್ಸು ನಮ್ಮ ಜನರದು.

ಗೈಡನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. ದಿನಕ್ಕೆ ಎರಡು ಸಲ ಆ ಬೆಟ್ಟ ಹತ್ತಿ ಇಳಿದು ಹೊಟ್ಟೆ ಹೊರೆಯುವ ಬಡವ ಅವನು. ಅವನಿಗೆ ಆ ಕತೆಗಳನ್ನು ಕೊಟ್ಟದ್ದು ಇತಿಹಾಸದ ಪುಸ್ತಕ. ಆ ಕತೆಗೆ ಒಂದು ಚೌಕಟ್ಟಿದೆ: ಕೋಟೆ ಅಂದರೆ ರಾಜ, ರಾಜ ಅಂದರೆ ಶತ್ರು, ಶತ್ರು ಅಂದರೆ ಹೊರಗಿನಿಂದ ಬರುವವನು. ಕೋಟೆಯ ಗೋಡೆ ಹೊರಗಿನವನನ್ನು ತಡೆಯಲು ಕಟ್ಟಿದ್ದು. ಇದನ್ನು ಒಪ್ಪಿಕೊಂಡರೆ ಮುಗಿಯಿತು, ಊರಿನೊಳಗೇ ಹುಟ್ಟಿ ಊರಿನೊಳಗೇ ತಡೆಯಲ್ಪಟ್ಟವನ ಮಾತು ಆ ಚೌಕಟ್ಟಿಗೆ ಹಿಡಿಸುವುದೇ ಇಲ್ಲ.

ಇನ್ನು ಅಂಬೇಡ್ಕರರ ಕೋಟೆ. 'ವೇಟಿಂಗ್ ಫಾರ್ ಎ ವೀಸಾ' ಅಂದರೆ ವೀಸಾಕ್ಕಾಗಿ ಕಾಯುವುದು, ಇದು ಅವರ ಒಂದು ಸಣ್ಣ ಆತ್ಮಕಥನ. ಬದುಕಿದ್ದಾಗ ಅವರು ಪ್ರಕಟಿಸಲಿಲ್ಲ. ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಅದರಲ್ಲಿ ದೌಲತಾಬಾದಿನ ಪ್ರಸಂಗ ಹೀಗಿದೆ. ಚಳವಳಿಯ ಕಾರ್ಯಕರ್ತರು ಒಂದು ಪ್ರವಾಸ ಹೋಗೋಣ, ನೀವೂ ಬನ್ನಿ ಅನ್ನುತ್ತಾರೆ. ಎಲ್ಲೋರದ ಬೌದ್ಧ ಗುಹೆಗಳನ್ನು ನೋಡುವುದು ಮುಖ್ಯ. ಸುಮಾರು ಮೂವತ್ತು ಜನ ಬಸ್ಸು, ಕಾರು ಬಾಡಿಗೆ ಹಿಡಿದು ನಾಸಿಕದಿಂದ ಯೇವಲೆಯ ಮೇಲೆ ಹೊರಡುತ್ತಾರೆ. ಪ್ರವಾಸದ ಸುದ್ದಿಯನ್ನು ಬೇಕೆಂದೇ ಬಹಿರಂಗ ಮಾಡಿಲ್ಲ, ತಂಗುವ ಊರುಗಳ ತಮ್ಮ ಜನರಿಗಷ್ಟೇ ತಿಳಿಸಿದ್ದಾರೆ. ಅಸ್ಪೃಶ್ಯ ಅಂತ ಗೊತ್ತಾದರೆ ದಾರಿಯ ಊರುಗಳಲ್ಲಿ ಏನಾಗುತ್ತದೆ ಅಂತ ಅವರಿಗೆ ಗೊತ್ತು. ದೌಲತಾಬಾದಿನ ದಲಿತರಿಗೆ ಹೀಗೆ ಮೊದಲೇ ಸುದ್ದಿ ಮುಟ್ಟಿಸಿದ್ದಾರೆ. ಅವರು ದಾರಿಯಲ್ಲೇ ಗುಂಪಾಗಿ ಕಾದು ನಿಂತು, ಇಳಿದು ಚಹಾ ಕುಡಿದು ಆಮೇಲೆ ಕೋಟೆ ನೋಡಿ ಅಂತ ಕೇಳಿಕೊಳ್ಳುತ್ತಾರೆ. ಎಲ್ಲರಿಗೂ ಚಹಾ ಬೇಕಾಗಿದೆ. ಆದರೆ ಕತ್ತಲಾದರೆ ಕೋಟೆ ಕಾಣುವುದಿಲ್ಲ. ಬರುವಾಗ ಕುಡಿಯುತ್ತೇವೆ ಅಂತ ಹೇಳಿ ಮುಂದೆ ಹೋಗುತ್ತಾರೆ.

ಕೋಟೆಯ ಬಾಗಿಲ ಹೊರಗೆ ಒಂದು ಸಣ್ಣ ಕೊಳ, ತುಂಬಿ ತುಳುಕುವ ನೀರು, ಸುತ್ತ ಕಲ್ಲುಹಾಸು. ಮೈಯೆಲ್ಲ ಧೂಳಾಗಿದ್ದವರಲ್ಲಿ ಕೆಲವರು ಮುಖ, ಕಾಲು ತೊಳೆದುಕೊಳ್ಳುತ್ತಾರೆ. ಬಾಗಿಲಿಗೆ ಬಂದು ಒಳಗೆ ಹೋಗಲು ಏನು ಕ್ರಮ ಅಂತ ಕಾವಲಿನವರನ್ನು ವಿಚಾರಿಸುತ್ತಿರುವಾಗ ಬಿಳಿ ಗಡ್ಡದ ಒಬ್ಬ ಮುಸ್ಲಿಂ ಮುದುಕ ಕೊಳ ಮೈಲಿಗೆಯಾಯಿತೆಂದು ಕೂಗುತ್ತ ಬರುತ್ತಾನೆ. ಜಾತಿಯ ಹೆಸರನ್ನೇ ಬೈಗುಳ ಮಾಡಿ ಕೂಗುತ್ತಾನೆ. ಜನ ಸೇರುತ್ತದೆ. ನಾವು ಪರಸ್ಥಳದವರು, ಇಲ್ಲಿಯ ವಾಡಿಕೆ ಗೊತ್ತಿರಲಿಲ್ಲ ಅಂದಾಗ ಸಿಟ್ಟು ಸ್ಥಳೀಯ ದಲಿತರ ಮೇಲೆ ತಿರುಗುತ್ತದೆ: ನೀವು ಯಾಕೆ ಹೇಳಲಿಲ್ಲ? ಹೊಡೆದಾಟ, ಕೊಲೆ ಆಗಿಬಿಡಬಹುದಾದಷ್ಟು ಕೆಟ್ಟ ಬೈಗುಳ. ಅವರವರ ಧರ್ಮದಂತೆ ಅವರವರು ಇರಬೇಕು ಅಂತ ಒಬ್ಬ ಯುವಕ ಹೇಳುತ್ತಲೇ ಇರುತ್ತಾನೆ. ಆಗ ಅಂಬೇಡ್ಕರರು ಕೇಳುತ್ತಾರೆ: ನಿಮ್ಮ ಧರ್ಮ ಕಲಿಸುವುದು ಇದನ್ನೇ ಏನು, ಒಬ್ಬ ಅಸ್ಪೃಶ್ಯ ನಾಳೆ ಮುಸಲ್ಮಾನನಾದರೆ ಆಗಲೂ ಈ ನೀರು ಮುಟ್ಟಬೇಡ ಅನ್ನುತ್ತೀರಾ? ಗುಂಪು ಸುಮ್ಮನಾಗುತ್ತದೆ. ಕಾವಲಿನವನು ಹೆಸರು ಕೇಳುತ್ತಾನೆ. ಅಂಬೇಡ್ಕರರು ಒಂದು ಚೀಟಿಯಲ್ಲಿ ಹೆಸರು ಬರೆದು ಕೊಡುತ್ತಾರೆ. ಚೀಟಿ ಒಳಗಿನ ಅಧಿಕಾರಿಯ ಹತ್ತಿರ ಹೋಗುತ್ತದೆ. ಅಪ್ಪಣೆ ಬರುತ್ತದೆ: ಕೋಟೆ ನೋಡಬಹುದು, ಒಳಗೆ ಎಲ್ಲೂ ನೀರು ಮುಟ್ಟಕೂಡದು. ಮುಟ್ಟದ ಹಾಗೆ ನೋಡಿಕೊಳ್ಳಲು ಒಬ್ಬ ಬಂದೂಕಿನ ಸಿಪಾಯಿ ಜೊತೆಗೆ ಬರುತ್ತಾನೆ.

ಈ ಸಿಪಾಯಿಯೇ ಅಂದಿನ ಗೈಡು. ನಮಗೆ ಸಿಕ್ಕ ಗೈಡು ಏನನ್ನು ನೋಡಬೇಕು ಅಂತ ತೋರಿಸುತ್ತ ನಡೆದ. ಅವರಿಗೆ ಸಿಕ್ಕ ಗೈಡು ಏನನ್ನು ಮುಟ್ಟಬಾರದು ಅಂತ ಕಾಯುತ್ತ ನಡೆದ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಡಾಕ್ಟರೇಟುಗಳನ್ನು ತಂದವರು, ಬ್ಯಾರಿಸ್ಟರು, 1930ರಿಂದ 1932ರವರೆಗಿನ ಮೂರೂ ದುಂಡುಮೇಜಿನ ಪರಿಷತ್ತುಗಳಲ್ಲಿ ಕೂತು ಬಂದವರು, ಚೀಟಿ ಬರೆದು ಕೊಟ್ಟು ಬಾಗಿಲಲ್ಲಿ ಕಾದರು. ಆ ಬರಹಕ್ಕೆ ವೀಸಾ ಅನ್ನುವ ಹೆಸರು ಯಾಕೆ ಎಂದು ಕೇಳುವ ವಿದ್ಯಾರ್ಥಿಗಳು ಈ ಚೀಟಿಯನ್ನು ನೋಡಬೇಕು. ಪರದೇಶಕ್ಕೆ ಹೋಗುವವನಿಗೆ ಬೇಕಾದ ಅಪ್ಪಣೆ ಚೀಟಿ ಈತನಿಗೆ ತನ್ನ ನೆಲದ ಕೊಳದ ಮುಂದೆ ಬೇಕಾಯಿತು. ಇಷ್ಟನ್ನು ಬರೆಯುವಾಗ ಅಂಬೇಡ್ಕರರು ಒಂದು ಕಡೆಯೂ ದನಿ ಏರಿಸುವುದಿಲ್ಲ. ಎಷ್ಟು ಜನ, ಯಾವ ಊರು, ಯಾವ ತಿಂಗಳು, ಯಾರು ಏನಂದರು, ಅಷ್ಟೆ. ನಮ್ಮ ಬಂಡಾಯದ ಕೆಲವು ಗೆಳೆಯರು ಪ್ರತಿ ಸಾಲಿಗೂ ಒಂದು ಬೆಂಕಿ, ಒಂದು ಜ್ವಾಲೆ ಇಡುತ್ತಾರಲ್ಲ, ಅವರು ಈ ಗದ್ಯವನ್ನು ಒಮ್ಮೆ ಓದಬೇಕು. ಸಾಕ್ಷಿ ಹೇಳುವವನು ಕೂಗುವ ಅಗತ್ಯವಿಲ್ಲ.

ಇಲ್ಲೊಂದು ಎಚ್ಚರ ಹೇಳಬೇಕು. ಈ ಪ್ರಸಂಗವನ್ನು ಇತ್ತೀಚೆಗೆ ಕೆಲವರು ಬಹಳ ಉತ್ಸಾಹದಿಂದ ಎತ್ತಿ ಹೇಳುತ್ತಾರೆ. ನೋಡಿ, ಅಂಬೇಡ್ಕರರಿಗೆ ಅವಮಾನ ಮಾಡಿದವರು ಮುಸಲ್ಮಾನರು ಎಂದು. ಇವರು ಆ ಪುಸ್ತಕದ ಬೇರೆ ಪುಟಗಳನ್ನು ತೆರೆದಿರುವುದಿಲ್ಲ, ತೆರೆದಿದ್ದರೆ ಮುಚ್ಚಿಟ್ಟಿದ್ದಾರೆ. ಅದೇ ಪುಸ್ತಕದಲ್ಲಿ ಬರೋಡದ ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಅವರನ್ನು ವಸತಿಯಿಂದ ಹೊರಗಟ್ಟುತ್ತಾರೆ. ಅದೇ ಪುಸ್ತಕದಲ್ಲಿ ಕಾಠಿಯಾವಾಡದ ಡಾಕ್ಟರು ಕೇರಿಯ ಬಾಣಂತಿಯನ್ನು ಮುಟ್ಟಿ ನೋಡಲು ಒಪ್ಪುವುದಿಲ್ಲ, ಆಕೆ ಸಾಯುತ್ತಾಳೆ. ಮೊದಲ ಪ್ರಸಂಗ 1901ರದು. ಒಂಬತ್ತು ವರ್ಷದ ಭೀಮರಾಯ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಗಾಡಿಯಲ್ಲಿ ಹೋಗುವಾಗ ಬುತ್ತಿ ಇದ್ದೂ ನೀರಿಲ್ಲದೆ ಉಪವಾಸ ಮಲಗುತ್ತಾನೆ. ಆ ರಾತ್ರಿ ಸುಂಕದ ಕಟ್ಟೆಯವನ ಹತ್ತಿರ ಹುಡುಗ ಉರ್ದುವಿನಲ್ಲಿ ತಾವು ಮುಸಲ್ಮಾನರು ಎಂದು ಸುಳ್ಳು ಹೇಳಿಯೂ ನೀರು ಸಿಗುವುದಿಲ್ಲ. ಆ ಹುಡುಗ 1934ರಲ್ಲಿ ದೊಡ್ಡವನಾಗಿ ದೌಲತಾಬಾದಿನಲ್ಲಿ ಕೇಳಿದ ಪ್ರಶ್ನೆ, ಮುಸಲ್ಮಾನನಾದರೆ ನೀರು ಕೊಡುತ್ತೀರಾ ಅನ್ನುವುದು. ಎರಡನ್ನೂ ಒಟ್ಟಿಗೆ ಓದಿದರೆ ಅದು ವಾದಕ್ಕೆ ಎಸೆದ ಪ್ರಶ್ನೆಯಲ್ಲ ಅಂತ ಗೊತ್ತಾಗುತ್ತದೆ. ಮೂವತ್ತಮೂರು ವರ್ಷ ಗಂಟಲಲ್ಲಿ ಒಣಗಿದ್ದ ಪ್ರಶ್ನೆ ಅದು. ಕೇಳಿದ್ದು ಒಂದೇ ಧರ್ಮವನ್ನಲ್ಲ. ಹಿಂದೂ ಸಮಾಜ ಹುಟ್ಟಿಸಿದ ಮೈಲಿಗೆಯನ್ನು ಈ ನೆಲದ ಉಳಿದ ಧರ್ಮದವರೂ ಹೇಗೆ ಮೈಗೂಡಿಸಿಕೊಂಡರು ಅನ್ನುವುದು ಆ ಪುಸ್ತಕದ ದೊಡ್ಡ ಆರೋಪ. ಮುಂದಿನ ವರ್ಷವೇ, 1935ರ ಅಕ್ಟೋಬರಿನಲ್ಲಿ, ಆ ಪ್ರವಾಸ ದಾಟಿ ಹೋಗಿದ್ದ ಅದೇ ಯೇವಲೆಯಲ್ಲಿ ಅವರು ತಾನು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು ಅನ್ನುವುದನ್ನು ಈ ಉತ್ಸಾಹಿಗಳಿಗೆ ನೆನಪು ಮಾಡಿಕೊಡೋಣ.

ಈಗ ಮತ್ತೆ ಗೈಡಿನ ಮಾತಿಗೆ ಬರೋಣ. ಈ ಕೋಟೆಯನ್ನು ಯಾರೂ ನೇರವಾಗಿ ಗೆಲ್ಲಲಿಲ್ಲ ಅಂದನಲ್ಲ, ಅವನಿಗೇ ಗೊತ್ತಿಲ್ಲದ ಹಾಗೆ ಅದು ನಿಜ. ಸೇವುಣರು ಹೋಗಿ ಖಲ್ಜಿ ಬಂದ, ತುಘಲಕ್ ಬಂದ, ಬಹಮನಿ ಬಂದ, ಮೊಗಲ ಬಂದ, ನಿಜಾಮ ಬಂದ. ಒಬ್ಬರ ಗುಡಿ ಇನ್ನೊಬ್ಬರ ಮಸೀದಿಯಾಯಿತು, ಮಸೀದಿ ಮತ್ತೆ ಗುಡಿಯಾಯಿತು. ಆದರೆ ಕೊಳದ ಸುತ್ತ ಇದ್ದ ಗೋಡೆಯನ್ನು ಯಾವ ವಿಜಯಿಯೂ ಕೆಡವಲಿಲ್ಲ. ಅವನ ಫಿರಂಗಿಗೆ ಅದು ಶತ್ರುವಿನ ಗೋಡೆಯಾಗಿ ಕಾಣಲೇ ಇಲ್ಲ. ಗೆದ್ದವನಿಗೂ ಸೋತವನಿಗೂ ಸಮಾನವಾಗಿ ಉಪಯೋಗವಾದ ಗೋಡೆ ಅದು.

ಅದರ ತಳಪಾಯ ಹಾಕಿದವರಲ್ಲಿ ದೇವಗಿರಿಯವರೂ ಇದ್ದರು. ಸೇವುಣರ ಮಹಾದೇವ, ರಾಮಚಂದ್ರರ ಮಂತ್ರಿ ಹೇಮಾದ್ರಿ 'ಚತುರ್ವರ್ಗ ಚಿಂತಾಮಣಿ' ಅನ್ನುವ ದೊಡ್ಡ ಧರ್ಮಶಾಸ್ತ್ರ ಗ್ರಂಥ ಬರೆದವನು. ಯಾವ ವ್ರತ, ಯಾವ ದಾನ, ಯಾರಿಗೆ ಶ್ರಾದ್ಧ ಎಂದು ವಿಧಿಸುವ ಪುಸ್ತಕ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸುವ ಹೇಮಾಡಪಂತಿ ಶೈಲಿ ಅಂತ ಇವತ್ತಿಗೂ ಅವನ ಹೆಸರು ಹೇಳುತ್ತಾರೆ. ಗಾರೆಯಿಲ್ಲದೆ ನಿಲ್ಲುವ ಇನ್ನೊಂದು ಕಟ್ಟಡದಲ್ಲೂ ಅವನ ಪಾಲಿದೆ ಅಂತ ಯಾರೂ ಹೇಳುವುದಿಲ್ಲ.

ಅದೇ ಸೀಮೆಯಲ್ಲಿ, ಸೇವುಣರ ಕೊನೆಗಾಲದಿಂದ ಸುಲ್ತಾನರ ಕಾಲದವರೆಗೆ ಬದುಕಿದವನು ಮಹಾರರ ಸಂತಕವಿ ಚೋಖಾಮೇಳ. ಪಂಢರಪುರದ ಗುಡಿಯ ಹೊರಗೆ ನಿಂತೇ ಹಾಡಿದವನು. 1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಬಿಟ್ಟಿ ಕೆಲಸಕ್ಕೆ ಮಹಾರರನ್ನು ಹಿಡಿದು ತಂದಿದ್ದರು, ಕಟ್ಟುತ್ತಿದ್ದ ಗೋಡೆ ಕುಸಿದು ಚೋಖಾಮೇಳ ತನ್ನವರ ಜೊತೆ ಅದರಡಿ ಸತ್ತ ಅಂತ ಸಂಪ್ರದಾಯ ಹೇಳುತ್ತದೆ. ಮಂಗಳವೇಢೆ ನಮಗೆ ಹೊಸ ಊರಲ್ಲ. ಬಿಜ್ಜಳನ ಮಂಗಳವಾಡ ಅದೇ, ಬಸವಣ್ಣ ಕಲ್ಯಾಣಕ್ಕೆ ಬರುವ ಮೊದಲು ಕರಣಿಕನಾಗಿದ್ದ ಊರು. ಕೋಟೆಯನ್ನು ಯಾರು ಕಟ್ಟಿಸಿದರು ಅನ್ನುವುದಕ್ಕೆ ಶಾಸನ ಸಿಗುತ್ತದೆ. ಕಟ್ಟಿದವರ ವಿಚಾರಕ್ಕೆ ಹೀಗೆ ಗೋಡೆಯಡಿ ಸತ್ತವನ ನೆನಪೇ ಸಾಕ್ಷಿ. ದೌಲತಾಬಾದಿನ ಬೆಟ್ಟದ ಬುಡವನ್ನು ಸುತ್ತಲೂ ನುಣ್ಣಗೆ ಕೆತ್ತಿದ ಉಳಿಗಳು ಎಷ್ಟು ಜನರ ಕೈಯಲ್ಲಿದ್ದವು? ಉಪ್ಪಿನ ಚೀಲ ಮೇಲಕ್ಕೆ ಹೊತ್ತ ಬೆನ್ನು ಯಾರದು? ಗೈಡಿನ ಕತೆಯಲ್ಲಿ ಚೀಲ ಇದೆ, ಬೆನ್ನು ಇಲ್ಲ.

ನಮ್ಮ ಕನ್ನಡ ಅಭಿಮಾನಿಗಳಿಗೂ ಒಂದು ಮಾತು. ನಮ್ಮ ಗುಂಪಿನಲ್ಲೇ ಒಬ್ಬ ಮೇಷ್ಟ್ರು, ಸೇವುಣರ ಶಾಸನಗಳಲ್ಲಿ ಕನ್ನಡದವು ಬಹಳ, ಹಾಗಾಗಿ ದೇವಗಿರಿ ನಮ್ಮದು ಕಣ್ರೀ ಅಂತ ಎದೆಯುಬ್ಬಿಸಿದರು. ಶಾಸನದ ಮಾತು ನಿಜ. ಆದರೆ ಅದರ ಮುಂದೆ ಇನ್ನೊಂದು ನಿಜವಿದೆ. 1934ರಲ್ಲಿ ಆ ಕೋಟೆಯನ್ನು ಆಳುತ್ತಿದ್ದ ನಿಜಾಮನ ಸಂಸ್ಥಾನದಲ್ಲೇ ನಮ್ಮ ಬೀದರ್, ಕಲಬುರಗಿ, ರಾಯಚೂರು ಇದ್ದವು. ಆ ಕೊಳದ ವಾಡಿಕೆ ನಮ್ಮ ಊರುಗಳ ವಾಡಿಕೆಯೂ ಆಗಿತ್ತು. ಕಲ್ಲಿನ ಮೇಲಿನ ಅಕ್ಷರ ನಮ್ಮದು ಅನ್ನುವವರು ಕೊಳದ ಮೇಲಿನ ಕಾವಲೂ ನಮ್ಮದೇ ಅಂತ ಒಪ್ಪಿಕೊಳ್ಳಬೇಕು. ಆಮೇಲೆ ಅಭಿಮಾನ.

ಹೆಸರಿನ ವಿಷಯವೂ ಇದೆ. ದೇವಗಿರಿಗೆ ದೌಲತಾಬಾದ್ ಅಂತ ಹೆಸರಿಡಲು ತುಘಲಕನಿಗೆ ಒಂದು ಫರ್ಮಾನು ಸಾಕಾಯಿತು. ಅಲ್ಲಿಂದ ಹದಿನೈದು ಕಿಲೋಮೀಟರಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಬೇಕೆಂದು 1978ರಲ್ಲಿ ಶಾಸನಸಭೆ ನಿರ್ಣಯ ಮಾಡಿದಾಗ ಹಳ್ಳಿ ಹಳ್ಳಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು, ಹೆಣಗಳು ಬಿದ್ದವು. ಹೆಸರು ಬಂದದ್ದು 1994ರಲ್ಲಿ. ಅಪ್ಪಣೆ ಚೀಟಿಗಾಗಿ ಹದಿನಾರು ವರ್ಷ ಕಾಯಿಸಿದ ಹಾಗಾಯಿತು.

ಹಾಗಂತ ಏನೂ ಬದಲಾಗಿಲ್ಲ ಅಂದರೆ ಅದೂ ಸುಳ್ಳು, ಹೋರಾಡಿದವರಿಗೆ ಅವಮಾನ. ನಮಗೆ ಟಿಕೇಟು ಕೊಟ್ಟವನು ಜಾತಿ ಕೇಳಲಿಲ್ಲ. ನಮ್ಮ ಹಿಂದೆ ಬಂದೂಕು ಬರಲಿಲ್ಲ. ಇದು ತಾನಾಗಿ ಆದದ್ದಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಯಲ್ಲಿ ನೀರು ಮುಟ್ಟಿ ಪೆಟ್ಟು ತಿಂದ ಜನ, ಆ ಕೆರೆಗಾಗಿ 1937ರವರೆಗೆ ನಡೆದ ಕೋರ್ಟು ಖಟ್ಲೆ ಇದರ ಹಿಂದಿವೆ. ನಮ್ಮ ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟ ಎಂಬ ಮಾತುಗಳು ಅಲ್ಲಿ ಸ್ಪಷ್ಟವಾಗಿ ಇವೆ. ಮೂಲಭೂತ ಹಕ್ಕುಗಳ ನಡುವೆ ಬಾವಿ, ಕೆರೆ ಯಾಕೆ ಬಂದವು? ನೀರಿಗಾಗಿ ಬಾಗಿಲಲ್ಲಿ ನಿಂತ ಜನರ ಅನುಭವ ಅದರೊಳಗೆ ಇರುವುದರಿಂದ ಬಂದವು. ಅದೇ 1950ರಲ್ಲಿ ಅಂಬೇಡ್ಕರರ ಸಂಸ್ಥೆ ಔರಂಗಾಬಾದಿನಲ್ಲಿ ಕಾಲೇಜು ತೆರೆಯಿತು, ಮುಂದೆ ಮಿಲಿಂದ ಎಂದು ಹೆಸರಾದದ್ದು. ನೀರು ಮುಟ್ಟಬೇಡ ಅಂದ ಸೀಮೆಗೇ ಅಕ್ಷರ ತಂದು ಸುರಿದ ಹಾಗೆ. ಕೋಟೆ ನೋಡಲು ಹೋದವರು ಅದನ್ನೂ ನೋಡಿ ಬರಬೇಕು.

ಆದರೆ ವಿಧಿ ಪುಸ್ತಕದಲ್ಲಿದೆ, ಊರ ಬಾವಿ ಊರಲ್ಲಿದೆ. ನಮ್ಮ ಮೇಷ್ಟ್ರುಗಳಲ್ಲಿ ಇಬ್ಬರು, ತಮ್ಮ ಹಳ್ಳಿಯ ಹೋಟೆಲಿನಲ್ಲಿ ಚಹಾ ಈಗಲೂ ಎರಡು ಥರದ ಲೋಟದಲ್ಲಿ ಬರುತ್ತದೆ ಅಂತ ಬಸ್ಸಿನಲ್ಲೇ ಹೇಳಿದರು. ಒಂದು ಪ್ಲಾಸ್ಟಿಕ್ಕಿನದು, ಒಂದು ಗಾಜಿನದು ಅಷ್ಟೇ ವ್ಯತ್ಯಾಸ ಅಂದರು. ಯಾರೂ ನಗಲಿಲ್ಲ.

ಅಂಬೇಡ್ಕರರ ಆ ಬರಹದಲ್ಲಿ ನನ್ನನ್ನು ಹೆಚ್ಚು ಕಾಡುವುದು ಚೀಟಿಯಲ್ಲ, ಸಿಪಾಯಿಯಲ್ಲ, ಆ ಚಹಾ. ಸುದ್ದಿ ತಿಳಿದು ದಾರಿಯಲ್ಲಿ ಕಾದು ನಿಂತ ಕೇರಿಯ ಜನ. ಪ್ರವಾಸಿಗಳ ತಪ್ಪಿಗೆ ಬೈಗುಳ ತಿಂದವರು ಅವರು. ವಿಚಾರಿಸದೆ ನೀರು ಮುಟ್ಟಿದ ತಪ್ಪು ತಮ್ಮದೇ, ಆ ಬಡವರದ್ದಲ್ಲ ಅಂತ ಅಂಬೇಡ್ಕರರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾರೆ. ಬರಹ ಕೋಟೆಯ ಬಾಗಿಲಲ್ಲಿ ನಿಲ್ಲುತ್ತದೆ. ಬರುವಾಗ ಚಹಾ ಕುಡಿದ ಮಾತು ಅದರಲ್ಲಿಲ್ಲ. ಕಾರುಗಳು ಹೊರಟುಹೋದವು. ಆ ಜನ ಮರುದಿನವೂ ಅದೇ ಊರಲ್ಲಿ, ಅದೇ ಕೊಳದ ಪಕ್ಕದಲ್ಲಿ, ಅದೇ ಬೈದವರ ನಡುವೆ ಬದುಕಬೇಕಾಗಿತ್ತು. ಪಟ್ಟಣದಿಂದ ಹಳ್ಳಿಗೆ ಭಾಷಣ ಮಾಡಲು ಹೋಗುವ ನಾವೆಲ್ಲ, ಕಾರ್ಯಕರ್ತರು, ಸಾಹಿತಿಗಳು, ಇದನ್ನು ಎರಡು ಸಲ ಓದಬೇಕು. ನಮ್ಮ ಸಭೆ ಮುಗಿದು ನಾವು ಬಸ್ಸು ಹತ್ತಿದ ಮೇಲೆ ಆ ರಾತ್ರಿ ಕೇರಿಯಲ್ಲಿ ಏನಾಗುತ್ತದೆ ಎಂದು ಎಷ್ಟು ಸಲ ವಿಚಾರಿಸಿದ್ದೇವೆ?

ಹಳ್ಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ದೌಲತಾಬಾದೇ ಆಗಬೇಕಿಲ್ಲ, ಚಿತ್ರದುರ್ಗವೋ ಬೀದರೋ ಯಾವುದಾದರೂ ಸರಿ. ಗೈಡಿನ ಕತೆಯೂ ಕೇಳಲಿ, ಕತ್ತಲ ಸುರಂಗದಲ್ಲಿ ಕಿರುಚಾಡಲಿ, ಅದು ಅವರ ಹಕ್ಕು. ಆದರೆ ಹೊಂಡದ ಹತ್ತಿರ ಬಂದಾಗ ಒಂದು ನಿಮಿಷ ನಿಲ್ಲಿಸಿ ಕೇಳಿ: ಇದನ್ನು ತೋಡಿದವರು ಯಾರು, ಇದರ ನೀರು ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ? ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಆ ಪ್ರಶ್ನೆಯನ್ನು ಮಕ್ಕಳು ತಮ್ಮ ಊರ ಬಾವಿಯ ಹತ್ತಿರಕ್ಕೆ ಒಯ್ದರೆ ಸಾಕು.

ನಾವು ಇಳಿದು ಬಂದ ಮೇಲೆ ಬಾಗಿಲ ಹೊರಗೆ, ನೀರಿನ ಬಾಟಲಿ ಮಾರುವವರ ಸಾಲಿನ ಪಕ್ಕ ನಿಂತು, ಆ ಪುಟಗಳನ್ನು ಗಟ್ಟಿಯಾಗಿ ಓದಿದೆವು. ಒಬ್ಬ ವಿದ್ಯಾರ್ಥಿನಿ ಹಿಂದಿಯಲ್ಲಿ ಹೇಳುತ್ತ ಹೋದಳು. ಗೈಡು ಬೀಡಿ ಆರಿಸಿ ಕೇಳಿಸಿಕೊಂಡ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ಯಾವ ಪುಸ್ತಕದಲ್ಲಿದೆ ಸಾಬ್, ಒಂದು ಚೀಟಿಯಲ್ಲಿ ಬರೆದುಕೊಡಿ ಅಂದ. ಬರೆದುಕೊಟ್ಟೆವು. ಅಷ್ಟರಲ್ಲಿ ಮುಂದಿನ ಬಸ್ಸಿನ ಜನ ಇಳಿಯುತ್ತಿದ್ದರು. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅವರ ಕಡೆಗೆ ನಡೆದ.